ಎಂಟುನೂರ ಮೂವತ್ತೆರಡರ ಗುಟ್ಟು

ಲಿನಕ್ಸ್ ಕಂಪ್ಯೂಟರ್ ಕೈಗೆ ಸಿಕ್ಕರೆ ಟರ್ಮಿನಲ್ ತೆರೆಯಿರಿ. ಪ್ರೋಕ್ ಎಂಬ ಡೈರೆಕ್ಟರಿ, ಅದರೊಳಗೆ ಸಿಸ್, ಅದರೊಳಗೆ ನೆಟ್, ಅದರೊಳಗೆ ಕೋರ್. ಹೀಗೆ ಇಳಿಯುತ್ತ ಹೋದರೆ ತಳದಲ್ಲಿ ಆರ್‌ಮೆಮ್-ಡಿಫಾಲ್ಟ್ ಎಂಬ ಪುಟ್ಟ ಫೈಲ್ ಸಿಗುತ್ತದೆ. ಒಳಗೆ ಇರುವುದು ಒಂದೇ ಸಂಖ್ಯೆ: 212992. ಯಾರೂ ಕೈಯಾಡಿಸದ 64-ಬಿಟ್ ಯಂತ್ರವಾದರೆ ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದೇ, ಡೇಟಾ ಸೆಂಟರಿನ ಸರ್ವರಿನಲ್ಲೂ ಇದೇ. ಹೊರಗಿನಿಂದ ಬಂದು ಇನ್ನೂ ಯಾರೂ ಓದದೆ ಉಳಿದ ಮಾಹಿತಿಯನ್ನು ಒಂದು ಸಾಕೆಟ್, ಅಂದರೆ ಪ್ರೋಗ್ರಾಂ ನೆಟ್‌ವರ್ಕಿಗೆ ತೆರೆದುಕೊಂಡ ಬಾಗಿಲು, ಎಷ್ಟರ ಮಟ್ಟಿಗೆ ಇಟ್ಟುಕೊಳ್ಳಬಹುದು ಎಂಬ ಮಿತಿ ಅದು, ಬೈಟ್ ಲೆಕ್ಕದಲ್ಲಿ.

ಆದರೆ ಇದೆಂಥ ವಿಚಿತ್ರ ಸಂಖ್ಯೆ! ಎರಡು ಲಕ್ಷ ಅಲ್ಲ, ಎರಡೂಕಾಲು ಲಕ್ಷವೂ ಅಲ್ಲ. ಕಂಪ್ಯೂಟರಿನವರಿಗೆ ಪ್ರಿಯವಾದ 1,31,072 ಅಥವಾ 2,62,144 ಕೂಡ ಅಲ್ಲ. ಎರಡು ಲಕ್ಷದ ಹನ್ನೆರಡು ಸಾವಿರದ ಒಂಬೈನೂರ ತೊಂಬತ್ತೆರಡು. ಯಾರೋ ಕಣ್ಣು ಮುಚ್ಚಿ ಕೀಲಿಮಣೆ ಒತ್ತಿದಂತಿದೆ.

256ರಿಂದ ಭಾಗಿಸಿ ನೋಡಿ. 832 ಬರುತ್ತದೆ, ಶೇಷ ಸೊನ್ನೆ!

ಇಲ್ಲಿಂದ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಬರೆದವರು ಹಾಕಿಕೊಂಡ ಲೆಕ್ಕ ಇಷ್ಟೇ: 256 ಪ್ಯಾಕೆಟ್‌ಗಳಿಗೆ ಜಾಗ ಇರಲಿ, ಒಂದೊಂದರಲ್ಲಿ 256 ಬೈಟ್ ಮಾಹಿತಿ ಇದೆ ಎಂದುಕೊಳ್ಳೋಣ. ಹಾಗಾದರೆ ಒಂದು ಪ್ಯಾಕೆಟ್ಟಿಗೆ 832 ಏಕೆ? ಏಕೆಂದರೆ ಕರ್ನಲ್ಲಿನಲ್ಲಿ ಯಾವ ಪ್ಯಾಕೆಟ್ಟೂ ಒಂಟಿಯಾಗಿ ಇರುವುದಿಲ್ಲ. ಪ್ರತಿಯೊಂದಕ್ಕೂ ಎಸ್‌ಕೆ-ಬಫ್ ಎಂಬ ಒಂದು ವಿವರಪತ್ರ ಅಂಟಿಕೊಂಡಿರುತ್ತದೆ. ಮಾಹಿತಿ ಎಲ್ಲಿ ಶುರು, ಎಲ್ಲಿ ಮುಗಿಯಿತು, ಯಾವ ಕಾರ್ಡಿನಿಂದ ಬಂತು, ಯಾವ ಸಾಕೆಟ್ಟಿಗೆ ಸೇರಿದ್ದು ಎಲ್ಲ ಅದರಲ್ಲಿದೆ. ಅದರ ಗಾತ್ರ 232 ಬೈಟಿನ ಆಸುಪಾಸು. ಪ್ರೊಸೆಸರಿನ ಕ್ಯಾಶ್ ಮೆಮೊರಿ 64 ಬೈಟಿನ ಸಾಲುಗಳಲ್ಲಿ ಓದುವುದರಿಂದ ಅದನ್ನು 256ಕ್ಕೆ ಏರಿಸಿ ಹಿಡಿಯುತ್ತಾರೆ. ಮಾಹಿತಿಯ ಬಾಲದಲ್ಲಿ ಇನ್ನೊಂದು ಪಟ್ಟಿ ಇದೆ, ಮೆಮೊರಿಯ ಬೇರೆ ಬೇರೆ ಪುಟಗಳಲ್ಲಿ ಹರಡಿಕೊಂಡ ತುಂಡುಗಳ ವಿಳಾಸ ಇಟ್ಟುಕೊಳ್ಳುವುದಕ್ಕೆ. ಅದು 320. ಕೂಡಿಸಿ: 256, 256, 320. ಒಟ್ಟು 832. ಮಾಹಿತಿ 256 ಬೈಟ್, ಅದರ ಕಾಗದಪತ್ರ 576 ಬೈಟ್! ಸರ್ಕಾರಿ ಕಚೇರಿಯನ್ನು ಬೈಯುವವರು ಒಮ್ಮೆ ಇತ್ತ ನೋಡಬೇಕು.

ಇನ್ನೂ ಚೆಂದದ ಸಂಗತಿ ಇದೆ. 2011ರ ಹಿಂದಿನ ಹಲವು 64-ಬಿಟ್ ಲಿನಕ್ಸ್‌ಗಳಲ್ಲಿ ಇದೇ ಫೈಲಿನೊಳಗೆ 124928 ಎಂದಿರುತ್ತಿತ್ತು. ಅದನ್ನೂ 256ರಿಂದ ಭಾಗಿಸಿ: 488. ಅಂದರೆ 256ಕ್ಕೆ 232 ಸೇರಿಸಿದ್ದು. ಆಗ ಬಾಲದ ಪಟ್ಟಿಯನ್ನಾಗಲಿ ಕ್ಯಾಶ್ ಸಾಲಿಗೆ ಏರಿಸಿದ್ದನ್ನಾಗಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಡಿಫಾಲ್ಟ್ ಸಂಖ್ಯೆಯನ್ನು ಒಡೆದರೆ, ಆ ವರ್ಷ ಕರ್ನಲ್ಲಿನ ಒಂದು ರಚನೆ ಎಷ್ಟು ಬೈಟ್ ದಪ್ಪ ಇತ್ತು ಎಂಬುದು ಹೊರಬೀಳುತ್ತದೆ. ನನಗಂತೂ ಇದು ಶಾಸನ ಓದಿದಷ್ಟೇ ರೋಮಾಂಚನ ಕೊಟ್ಟಿತು.

ಈಗ ನಿಜವಾದ ಆಶ್ಚರ್ಯ. ಈ 2,12,992 ಬೈಟ್ ಎಲ್ಲಿದೆ? ಸಾಕೆಟ್ ತೆರೆದ ಕೂಡಲೇ ಕರ್ನಲ್ ಅಷ್ಟು ಮೆಮೊರಿ ತೆಗೆದು ಬದಿಗಿಡುತ್ತದೆ ಎಂದುಕೊಂಡಿರುತ್ತೀರಿ. ಬಹಳ ಜನ ಪ್ರೋಗ್ರಾಮರುಗಳೂ ಹಾಗೇ ಅಂದುಕೊಂಡಿರುತ್ತಾರೆ. ಇಲ್ಲ. ಒಂದು ಬೈಟೂ ಇಲ್ಲ! ಸಾಕೆಟ್ ಬಫರ್ ಎಂಬ ಪೆಟ್ಟಿಗೆ ಎಲ್ಲೂ ಇಲ್ಲ. ಇರುವುದು ಒಂದು ಲೆಕ್ಕ ಮಾತ್ರ. ಪ್ಯಾಕೆಟ್ ಬಂದಾಗ ಅದರ ಮೆಮೊರಿಯನ್ನು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಆಗಲೇ ಪಡೆದುಕೊಂಡಿರುತ್ತದೆ. ಅದು ಸಾಕೆಟ್ಟಿನ ಸಾಲಿಗೆ ಸೇರುವ ಕ್ಷಣದಲ್ಲಿ ಸಾಕೆಟ್ಟಿನ ಖಾತೆಗೆ ಖರ್ಚು ಬೀಳುತ್ತದೆ. ಪ್ರೋಗ್ರಾಂ ಓದಿ ಮುಗಿಸಿದಾಗ ಅದೇ ಮೊತ್ತ ಜಮಾ. ಖರ್ಚು ಮಿತಿ ಮುಟ್ಟಿದರೆ ಹೊಸ ಪ್ಯಾಕೆಟ್ಟಿಗೆ ಪ್ರವೇಶವಿಲ್ಲ, ಅಷ್ಟೇ.

ಆ ಖರ್ಚನ್ನು ಬರೆಯುವ ರೀತಿ ನೋಡಿ. ಮಂಡಿಯಲ್ಲಿ ಅಡಿಕೆ ತೂಗುವಾಗ ಚೀಲದ ತೂಕ ಕಳೆದು ದರ ಕಟ್ಟುತ್ತಾರೆ. ಕರ್ನಲ್ ಕಳೆಯುವುದಿಲ್ಲ, ಚೀಲ, ದಾರ, ಚೀಟಿ ಎಲ್ಲ ಸೇರಿಸಿಯೇ ತೂಗುತ್ತದೆ. ಈ ಒಟ್ಟು ತೂಕಕ್ಕೆ ಅಲ್ಲಿ ಟ್ರೂಸೈಜ್ ಎಂಬ ಹೆಸರು. ತಲುಪಿತೇ ಎಂದು ವಿಚಾರಿಸದ ಯುಡಿಪಿ ವಿಧಾನದಲ್ಲಿ ಒಂದೇ ಒಂದು ಬೈಟಿನ ಸಂದೇಶ ಕಳಿಸಿ ನೋಡಿ, ಖಾತೆಗೆ ಬೀಳುವುದು ಏಳೆಂಟು ನೂರು ಬೈಟ್! ಒಂದು ಬೈಟಿನ ಸಂದೇಶಗಳನ್ನು ಯಾರೂ ಓದದ ಸಾಕೆಟ್ಟಿಗೆ ಕಳಿಸುತ್ತ ಹೋದರೆ ಇನ್ನೂರು ಮುನ್ನೂರರ ಹೊತ್ತಿಗೆ ಎರಡು ಲಕ್ಷದ ಮಿತಿ ತುಂಬಿಹೋಗುತ್ತದೆ. ಆಮೇಲೆ ಬಂದವು ಸದ್ದಿಲ್ಲದೆ ಕಸದ ಬುಟ್ಟಿಗೆ. ಕಳಿಸಿದವನಿಗೆ ಸುದ್ದಿ ಇಲ್ಲ, ಪಡೆಯಬೇಕಾದವನಿಗೂ ಇಲ್ಲ. ಕರ್ನಲ್ಲಿನ ಮೂಲೆಯ ಎಣಿಕೆಯೊಂದು ಒಂದರಷ್ಟು ಮೇಲೇರುತ್ತದೆ, ಅಷ್ಟೇ ಅದಕ್ಕೆ ಸಿಗುವ ಶ್ರದ್ಧಾಂಜಲಿ. "ಎರಡು ಲಕ್ಷ ಬೈಟ್ ಜಾಗ ಇದೆಯಲ್ಲ, ನಾನು ಕಳಿಸಿದ್ದು ಮುನ್ನೂರು ಬೈಟ್ ತಾನೆ" ಎಂದು ತಲೆ ಕೆರೆದುಕೊಂಡವರು ಲೆಕ್ಕವಿಲ್ಲದಷ್ಟಿರಬೇಕು.

ಈ ಲೆಕ್ಕಾಚಾರದ ಬೇರು 1983ರ ಬರ್ಕ್ಲಿಯಲ್ಲಿದೆ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಗುಂಪು 4.2 ಬಿಎಸ್‌ಡಿ ಎಂಬ ಯುನಿಕ್ಸ್ ಬಿಡುಗಡೆ ಮಾಡಿದಾಗ ಸಾಕೆಟ್ ಎಂಬ ಕಲ್ಪನೆ ಲೋಕಕ್ಕೆ ಬಂತು. ಅಲ್ಲಿ ಪ್ಯಾಕೆಟ್‌ಗಳನ್ನು ಎಂಬಫ್ ಎಂಬ 128 ಬೈಟಿನ ತುಂಡುಗಳಲ್ಲಿ ಇಡುತ್ತಿದ್ದರು. ದೊಡ್ಡದಿದ್ದರೆ ಕ್ಲಸ್ಟರ್ ಎಂಬ ಹಿರಿಯಣ್ಣ. ಪ್ರತಿ ಸಾಕೆಟ್ಟಿಗೂ ಬರುವುದಕ್ಕೊಂದು, ಹೋಗುವುದಕ್ಕೊಂದು, ಎರಡು ಬಫರ್ ಖಾತೆ. ಒಂದೊಂದು ಖಾತೆಯಲ್ಲೂ ಮತ್ತೆ ಎರಡು ಲೆಕ್ಕ! ಒಂದು, ಎಷ್ಟು ಬೈಟ್ ನಿಜವಾದ ಮಾಹಿತಿ ಇದೆ. ಎರಡು, ಅದಕ್ಕೆ ಎಷ್ಟು ಮೆಮೊರಿ ಹೋಗಿದೆ. ಎರಡಕ್ಕೂ ಬೇರೆ ಬೇರೆ ಮಿತಿ. ಉಳಿದ ಜಾಗ ಎಷ್ಟು ಎಂದು ಕೇಳಿದರೆ ಎರಡರಲ್ಲಿ ಯಾವುದು ಕಡಿಮೆಯೋ ಅದೇ ಉತ್ತರ.

ಇಷ್ಟು ಜಿಪುಣತನ ಏಕೆ ಬೇಕಿತ್ತು? ಬರ್ಕ್ಲಿ ವ್ಯವಸ್ಥೆಗಳಲ್ಲಿ ಹಿಂದೆ, ತಲುಪಿದ್ದನ್ನು ಖಚಿತಪಡಿಸಿಕೊಳ್ಳುವ ಟಿಸಿಪಿ ವಿಧಾನದ ಬಫರ್ ಸಾಮಾನ್ಯವಾಗಿ 4,096 ಬೈಟ್ ಇರುತ್ತಿತ್ತು. ಮಾಹಿತಿಯನ್ನಷ್ಟೇ ಎಣಿಸುತ್ತ ಕೂತರೆ, ಒಂದೊಂದು ಬೈಟಿನ 4,096 ಚೂರುಗಳು ಒಂದೊಂದು ಎಂಬಫ್ ಹಿಡಿದು ಕೂತಾಗ 5,24,288 ಬೈಟ್ ಮಾಯ! ಒಂದೇ ಸಾಕೆಟ್ ಅರ್ಧ ಮೆಗಾಬೈಟ್ ನುಂಗಿದಂತೆ. ಇಡೀ ಯಂತ್ರದ ಮೆಮೊರಿಯೇ ಕೆಲವು ಮೆಗಾಬೈಟ್ ಇದ್ದ ದಿನಗಳವು. ಹಾಗಾಗಿ ಬಿಎಸ್‌ಡಿಯಲ್ಲಿ ಮೆಮೊರಿಯ ಮಿತಿಯನ್ನು ಮಾಹಿತಿಯ ಮಿತಿಯ ಎರಡು ಪಟ್ಟು ಎಂದು ಕಟ್ಟಿದರು. ಕಾಗದಪತ್ರಕ್ಕೆ ಮಾಹಿತಿಯಷ್ಟೇ ಜಾಗ ಕೊಡೋಣ, ಅದಕ್ಕಿಂತ ಹೆಚ್ಚಿಗೆ ಇಲ್ಲ ಎಂಬ ಅಂದಾಜು.

ಲಿನಕ್ಸ್ ಬಂದಾಗ ಎರಡು ಲೆಕ್ಕ ಬೇಡ, ಒಟ್ಟು ತೂಕ ಒಂದೇ ಸಾಕು ಎಂದುಕೊಂಡರು. ಆದರೆ ಬಿಎಸ್‌ಡಿಗೆಂದು ಬರೆದ ಪ್ರೋಗ್ರಾಮುಗಳು ಸಾಕೆಟ್ ಬಫರನ್ನು ಇಷ್ಟು ಬೈಟಿಗೆ ಹೊಂದಿಸು ಎಂದು ಕೇಳುವಾಗ ಮನಸ್ಸಿನಲ್ಲಿದ್ದದ್ದು ಮಾಹಿತಿಯ ಅಳತೆ. ಏನು ಮಾಡುವುದು? ಲಿನಕ್ಸ್ ಕೇಳಿದ್ದಕ್ಕೆ ಎರಡರಿಂದ ಗುಣಿಸಿಬಿಡುತ್ತದೆ! ಮಿತಿಯೊಳಗೆ 1,00,000 ಕೇಳಿ, ಆಮೇಲೆ ಎಷ್ಟು ಕೊಟ್ಟೆ ಎಂದು ತಿರುಗಿ ಕೇಳಿ: 2,00,000 ಎನ್ನುತ್ತದೆ. ಇದನ್ನು ಮೊದಲ ಸಲ ಕಂಡವರು ಕರ್ನಲ್ಲಿನಲ್ಲಿ ದೋಷವಿದೆ ಎಂದೇ ನಂಬುತ್ತಾರೆ. ಮೂಲ ಕೋಡಿನಲ್ಲಿ ಈ ಸಾಲಿನ ಮೇಲೆ ಉದ್ದದ ಟಿಪ್ಪಣಿಯೇ ಇದೆ. ಪ್ರೋಗ್ರಾಮುಗಳಿಗೆ ಈ ಒಳಖರ್ಚು ಗೊತ್ತಿರುವುದಿಲ್ಲ, ಬೇರೆ ದಾರಿಗಳನ್ನೆಲ್ಲ ಯೋಚಿಸಿದ ಮೇಲೆ ನಿಜವಾಗಿ ಬಳಸಿದ ಸಂಖ್ಯೆಯನ್ನೇ ಹೇಳುವುದು ಲೇಸೆನಿಸಿತು ಎಂಬುದು ಅದರ ಸಾರ. ಬರ್ಕ್ಲಿಯ ಆ ಎರಡು ಪಟ್ಟಿನ ಅಂದಾಜು ಬೇರೊಂದು ವೇಷದಲ್ಲಿ ಇನ್ನೂ ಬದುಕಿದೆ.

ಇಲ್ಲಿಯವರೆಗಿನದು ಮನೆಯೊಳಗಿನ ಲೆಕ್ಕ. ಟಿಸಿಪಿಗೆ ಬಂದರೆ ಇದೇ ಲೆಕ್ಕ ಸಮುದ್ರ ದಾಟುತ್ತದೆ!

ಟಿಸಿಪಿಯಲ್ಲಿ ಕಳಿಸುವವನು ಮನಸ್ಸಿಗೆ ಬಂದಷ್ಟು ಕಳಿಸುವ ಹಾಗಿಲ್ಲ. ಪಡೆಯುವವನು ತನ್ನ ಪ್ರತಿ ಉತ್ತರದಲ್ಲೂ "ನನ್ನಲ್ಲಿ ಇನ್ನು ಇಷ್ಟು ಜಾಗ ಇದೆ" ಎಂದು ಬರೆದು ಕಳಿಸುತ್ತಾನೆ. ಅದಕ್ಕೆ ವಿಂಡೋ ಎನ್ನುತ್ತಾರೆ. ಅದು ಬರೀ ಮಾಹಿತಿಯಲ್ಲ, ಮಾತು ಕೊಟ್ಟಂತೆ. ಒಮ್ಮೆ 50,000 ಬೈಟಿಗೆ ಜಾಗವಿದೆ ಎಂದ ಮೇಲೆ, ಅಯ್ಯೋ ಇಲ್ಲ ಎಂದು ಹಿಂದೆಗೆಯಬಾರದೆಂದು 1981ರ ಟಿಸಿಪಿ ದಾಖಲೆಯೇ ಬಲವಾಗಿ ಎಚ್ಚರಿಸುತ್ತದೆ. ಅಷ್ಟು ಹೊತ್ತಿಗೆ ಆ 50,000 ಬೈಟ್ ದಾರಿಯಲ್ಲಿರಬಹುದಲ್ಲ.

ಇಕ್ಕಟ್ಟು ಎಲ್ಲಿದೆ ನೋಡಿ. ಮಾತು ಕೊಡುವುದು ಮಾಹಿತಿಯ ಬೈಟಿನಲ್ಲಿ; ಖರ್ಚು ಬೀಳುವುದು ಒಟ್ಟು ತೂಕದಲ್ಲಿ. ಬರಲಿರುವ ಪ್ಯಾಕೆಟ್‌ಗಳು ಎಷ್ಟು ದಪ್ಪ ಇರುತ್ತವೆ ಎಂದು ಮುಂಚೆ ಗೊತ್ತಿಲ್ಲ. ಒಂದೊಂದು ಪ್ಯಾಕೆಟ್ 1,460 ಬೈಟ್ ತುಂಬಿಕೊಂಡು ಬಂದರೆ ಸರಿ, 10 ಬೈಟ್ ಹೊತ್ತು ಬಂದರೆ?

ಇದಕ್ಕೆ ಲಿನಕ್ಸ್ ಹಚ್ಚಿದ ಮೊದಲ ಮದ್ದು ಇನ್ನೊಂದು ವಿಚಿತ್ರ ಸಂಖ್ಯೆಯಲ್ಲಿ ಅಡಗಿದೆ: 87380. ಟಿಸಿಪಿ ಪಡೆಯುವ ಬಫರಿನ ಡಿಫಾಲ್ಟ್ 2018ರವರೆಗೆ ಇದೇ ಆಗಿತ್ತು. ಕರ್ನಲ್ ಬಫರಿನ ಕಾಲು ಭಾಗವನ್ನು ಕಾಗದಪತ್ರಕ್ಕೆಂದು ಮೀಸಲಿಟ್ಟು ಮುಕ್ಕಾಲು ಭಾಗಕ್ಕಷ್ಟೇ ಮಾತು ಕೊಡುತ್ತಿತ್ತು. 87,380ರ ಮುಕ್ಕಾಲು ಎಷ್ಟು? 65,535! ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಟಿಸಿಪಿ ಹೆಡರಿನಲ್ಲಿ ವಿಂಡೋಗೆ ಇರುವುದು 16 ಬಿಟ್ ಜಾಗ, ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65,535. ಆ ಗರಿಷ್ಠಕ್ಕೆ ಸರಿಯಾಗಿ ಹೊಂದುವಂತೆ ಹಿಂದಿನಿಂದ ಲೆಕ್ಕ ಹಾಕಿ ಕೂರಿಸಿದ ಸಂಖ್ಯೆ ಅದು. ಸರ್ವರ್ ನೋಡಿಕೊಳ್ಳುವ ಎಷ್ಟೋ ಮಂದಿ ವರ್ಷಗಟ್ಟಲೆ ಇದನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ಅಂಟಿಸುತ್ತ ಬಂದರು, ಯಾಕೆಂದು ಕೇಳದೆ.

ಕಾಲು ಭಾಗ ಸಾಲದೆಂದು ಮುಂದೆ ಅರ್ಧ ಮಾಡಿದರು. ಅದೂ ಅಂದಾಜೇ. ಕೊನೆಗೆ 2023ರಲ್ಲಿ, 6.6ನೇ ಕರ್ನಲ್ಲಿನ ಹೊತ್ತಿಗೆ, ಗೂಗಲ್‌ನಲ್ಲಿರುವ ಎರಿಕ್ ಡುಮಾಜೆ ಈ ಅಂದಾಜನ್ನೇ ಕಿತ್ತುಹಾಕಿದರು. ಈಗ ಪ್ರತಿ ಸಾಕೆಟ್ಟೂ ತನಗೆ ಬರುತ್ತಿರುವ ಪ್ಯಾಕೆಟ್‌ಗಳನ್ನು ತೂಗಿ, ಮಾಹಿತಿಗೂ ಒಟ್ಟು ತೂಕಕ್ಕೂ ಇರುವ ಪ್ರಮಾಣವನ್ನು ತಾನೇ ಕಂಡುಕೊಂಡು ಅದರ ಪ್ರಕಾರ ಮಾತು ಕೊಡುತ್ತದೆ. ಲಿನಕ್ಸ್ ಟಿಸಿಪಿಯ ಈ ಭಾಗವನ್ನು ಇಣುಕಿದ ಕಡೆಯೆಲ್ಲ ಡುಮಾಜೆಯವರ ಹೆಸರು ಸಿಗುತ್ತದೆ. 2011ರಲ್ಲಿ ಹಲವು ಡ್ರೈವರುಗಳು ತೂಕ ಕಡಿಮೆ ತೋರಿಸುತ್ತಿದ್ದುದನ್ನು ಹಿಡಿದು ಒಂದೊಂದಾಗಿ ಸರಿಪಡಿಸಿದವರೂ ಇವರೇ.

ಇಷ್ಟಾದರೂ ಲೆಕ್ಕ ತಪ್ಪಿದರೆ? ಕರ್ನಲ್ ಮಾತಿಗೆ ತಪ್ಪದಿರಲು ಪಡುವ ಪಾಡು ನೋಡಬೇಕು! ಸಾಲಿನಲ್ಲಿರುವ ಚಿಕ್ಕಚಿಕ್ಕ ಪ್ಯಾಕೆಟ್‌ಗಳ ಮಾಹಿತಿಯನ್ನು ತೆಗೆದು ಒಂದು ದೊಡ್ಡದರೊಳಗೆ ನಕಲು ಮಾಡಿ, ಖಾಲಿಯಾದ ಕಾಗದಪತ್ರಗಳನ್ನು ಎಸೆದು ತೂಕ ಇಳಿಸುತ್ತದೆ. ಅದೂ ಸಾಲದಾದರೆ ಸರದಿ ತಪ್ಪಿ ಬಂದು ಕಾಯುತ್ತಿರುವ ಪ್ಯಾಕೆಟ್‌ಗಳನ್ನು ಬಿಸಾಡುತ್ತದೆ. ಕಳಿಸಿದವನ ಬಳಿ ಅವುಗಳ ಪ್ರತಿ ಇದ್ದೇ ಇರುತ್ತದೆ, ಮತ್ತೆ ಕಳಿಸುತ್ತಾನೆ. ಈ ನಕಲು ಮಾಡುವ ಕೆಲಸ ಪ್ರೊಸೆಸರಿಗೆ ಭಾರ. 2018ರಲ್ಲಿ ಯೂಹಾ-ಮಟ್ಟಿ ತಿಲ್ಲಿ ಎಂಬ ಫಿನ್ಲೆಂಡಿನ ಸಂಶೋಧಕರು, ಬೇಕೆಂದೇ ಸರದಿ ತಪ್ಪಿಸಿದ ಪುಟಾಣಿ ಪ್ಯಾಕೆಟ್‌ಗಳನ್ನು ಕಳಿಸುತ್ತಿದ್ದರೆ ಈ ಸಾಲು ಓರಣ ಮಾಡುವುದರಲ್ಲೇ ಯಂತ್ರ ಸುಸ್ತಾಗಿಬಿಡುತ್ತದೆ ಎಂದು ತೋರಿಸಿಕೊಟ್ಟರು. ಸೆಗ್ಮೆಂಟ್‌ಸ್ಮ್ಯಾಕ್ ಎಂದು ಅದಕ್ಕೆ ಹೆಸರು ಬಿತ್ತು.

ಪುಟಾಣಿ ಪ್ಯಾಕೆಟ್‌ಗಳ ಕಾಟ ಹೊಸದೇನಲ್ಲ. ಓದುವ ಪ್ರೋಗ್ರಾಂ ನಿಧಾನಸ್ಥ ಎಂದುಕೊಳ್ಳಿ, ಒಂದೊಂದೇ ಬೈಟ್ ಎತ್ತಿಕೊಳ್ಳುತ್ತದೆ. ಬಫರಿನಲ್ಲಿ ಒಂದು ಬೈಟ್ ಜಾಗ ತೆರವಾಯಿತು, ಒಂದು ಬೈಟಿಗೆ ಜಾಗವಿದೆ ಎಂಬ ಸುದ್ದಿ ಹೋಯಿತು, ಆ ಕಡೆಯಿಂದ 40 ಬೈಟ್ ಹೆಡರ್ ಹೊತ್ತು ಒಂದು ಬೈಟ್ ಬಂತು! ಹೀಗೇ ನಡೆಯುತ್ತಲೇ ಇರುತ್ತದೆ. ಎಂಐಟಿಯ ಡೇವಿಡ್ ಕ್ಲಾರ್ಕ್ 1982ರಲ್ಲೇ ಇದನ್ನು ಸಿಲ್ಲಿ ವಿಂಡೋ ಸಿಂಡ್ರೋಮ್ ಎಂದು ಕರೆದು ಮದ್ದು ಬರೆದರು. ಒಂದು ಪೂರ್ಣ ಪ್ಯಾಕೆಟ್ ಹಿಡಿಯುವಷ್ಟೋ ಅರ್ಧ ಬಫರಿನಷ್ಟೋ ಜಾಗ ಆಗುವವರೆಗೆ ಬಾಯಿ ಬಿಡಬೇಡ ಎಂಬುದು ಇವತ್ತಿಗೂ ನಡೆಯುವ ನಿಯಮ.

ಈಗ ದೂರದ ಪ್ರಶ್ನೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ವಿಂಡೋ 65,535 ಬೈಟ್ ಆಗಿದ್ದರೆ ಕಾಲು ಸೆಕೆಂಡಿಗೆ ಅಷ್ಟೇ ಸಾಗುವುದು. ಸೆಕೆಂಡಿಗೆ 2,62,140 ಬೈಟ್, ಸುಮಾರು 2 ಮೆಗಾಬಿಟ್. ನೀವು 300 ಮೆಗಾಬಿಟ್ಟಿನ ಫೈಬರ್ ಹಾಕಿಸಿದ್ದರೂ ಅಷ್ಟೇ! ತಂತಿ ಖಾಲಿ ಹೊಡೆಯುತ್ತಿರುತ್ತದೆ, ಲೆಕ್ಕ ತಡೆದು ನಿಲ್ಲಿಸಿರುತ್ತದೆ. 1992ರಲ್ಲಿ ವ್ಯಾನ್ ಜೇಕಬ್ಸನ್, ಬಾಬ್ ಬ್ರೇಡನ್, ಡೇವಿಡ್ ಬೋರ್ಮನ್ ಸೇರಿ ಇದಕ್ಕೊಂದು ಉಪಾಯ ಕೊಟ್ಟರು. 16 ಬಿಟ್ಟಿನ ಸಂಖ್ಯೆ ಹಾಗೇ ಇರಲಿ, ಅದನ್ನು ಎರಡರಿಂದ ಎಷ್ಟು ಸಲ ಗುಣಿಸಿ ಓದಬೇಕೆಂದು ಸಂಪರ್ಕದ ಆರಂಭದಲ್ಲೇ ಹೇಳಿಬಿಡೋಣ. 14 ಸಲದವರೆಗೆ ಅವಕಾಶ, ಅಂದರೆ ಒಂದು ಗಿಗಾಬೈಟಿನ ಹತ್ತಿರಕ್ಕೆ.

ಆದರೆ ಆರಂಭದಲ್ಲಿ ಮಾತ್ರ! ಮೊದಲ ಕೈಕುಲುಕುವಿಕೆಯಲ್ಲಿ ಹೇಳಿದ್ದನ್ನು ಆಮೇಲೆ ಬದಲಾಯಿಸುವಂತಿಲ್ಲ. ಹಾಗಾಗಿ ಒಂದು ಬೈಟೂ ಬರುವ ಮುನ್ನವೇ ಈ ಸಾಕೆಟ್ ತನ್ನ ಜೀವಮಾನದಲ್ಲಿ ಎಷ್ಟು ದೊಡ್ಡದಾಗಬಹುದು ಎಂದು ಕರ್ನಲ್ ತೀರ್ಮಾನಿಸಬೇಕು. ಲಿನಕ್ಸಿನಲ್ಲಿ ಬಹುಕಾಲ ಗರಿಷ್ಠ ಮಿತಿ 6 ಮೆಗಾಬೈಟ್. ಅದನ್ನು 16 ಬಿಟ್ಟಿಗೆ ಹಿಡಿಸಲು 7 ಸಲ ಸಾಕು, ಎರಡರ ಏಳನೇ ಘಾತ 128. ನೆಟ್‌ವರ್ಕ್ ಸಂಚಾರವನ್ನು ಹಿಡಿದು ನೋಡುವ ವೈರ್‌ಶಾರ್ಕ್‌ನಲ್ಲಿ ಲಿನಕ್ಸ್ ಸರ್ವರುಗಳ ಮೊದಲ ಪ್ಯಾಕೆಟ್ಟಿನಲ್ಲಿ ಮತ್ತೆ ಮತ್ತೆ ಕಾಣುವ 128ರ ಗುಣಕ ಬಂದದ್ದು ಇಲ್ಲಿಂದಲೇ.

ಗರಿಷ್ಠ ಗೊತ್ತಾಯಿತು, ಸರಿ; ಈ ಕ್ಷಣಕ್ಕೆ ಎಷ್ಟಿರಬೇಕು? ಹಿಂದೆ ಇದನ್ನು ಬಲ್ಲವರು ಕೈಯಾರೆ ಹೊಂದಿಸುತ್ತಿದ್ದರು. ಪಿಟ್ಸ್‌ಬರ್ಗ್ ಸೂಪರ್‌ಕಂಪ್ಯೂಟಿಂಗ್ ಸೆಂಟರಿನ ಸೆಮ್ಕೆ, ಮಹ್ದವಿ, ಮ್ಯಾಥಿಸ್ 1998ರಲ್ಲಿ ಕಳಿಸುವ ಬಫರ್ ತಾನಾಗಿ ಬೆಳೆಯುವಂತೆ ಮಾಡಿ ತೋರಿಸಿದರು. ಮೂರು ವರ್ಷ ಕಳೆದು ಲಾಸ್ ಅಲಮೋಸ್ ಪ್ರಯೋಗಾಲಯದ ಮೈಕ್ ಫಿಸ್ಕ್ ಮತ್ತು ವು-ಚುನ್ ಫೆಂಗ್ ಪಡೆಯುವ ಬದಿಗೂ ದಾರಿ ಹುಡುಕಿದರು. ಇಂದಿನ ಲಿನಕ್ಸ್ ಮಾಡುವುದು ಅದರದ್ದೇ ಪರಿಷ್ಕೃತ ರೂಪ. ಒಂದು ಹೋಗಿಬರುವ ಅವಧಿಯಲ್ಲಿ ಪ್ರೋಗ್ರಾಂ ಎಷ್ಟು ಬೈಟ್ ಓದಿಕೊಂಡಿತು ಎಂದು ಎಣಿಸಿ, ಅದರ ಎರಡು ಪಟ್ಟಿನ ಮೇಲೆ ಇನ್ನಷ್ಟು ಸೇರಿಸಿ ಬಫರ್ ಹಿಗ್ಗಿಸುತ್ತದೆ. ಕಳಿಸುವವನು ವೇಗ ಇಮ್ಮಡಿ ಮಾಡಿದರೂ ಅಡ್ಡಿಯಾಗಬಾರದು ಎಂಬ ಮುನ್ನೋಟ.

ಇಲ್ಲೊಂದು ತಮಾಷೆ. ಪ್ರೋಗ್ರಾಮರ್ ಒಳ್ಳೆಯ ಉದ್ದೇಶದಿಂದಲೇ ತನ್ನ ಕೋಡಿನಲ್ಲಿ "ಪಡೆಯುವ ಬಫರ್ ಇಷ್ಟಿರಲಿ" ಎಂದು ಒಂದು ಸಾಲು ಬರೆದನೆನ್ನಿ. ಆ ಕ್ಷಣವೇ ಕರ್ನಲ್ ಆ ಸಾಕೆಟ್ಟಿನ ಮೇಲೊಂದು ಗುರುತು ಹಾಕಿ, ತನ್ನ ಕಲಿಕೆಯನ್ನು ನಿಲ್ಲಿಸಿಬಿಡುತ್ತದೆ. ವೇಗ ಹೆಚ್ಚಲೆಂದು ಹಾಕಿದ ಸಾಲೇ ವೇಗಕ್ಕೆ ಬೇಲಿ! ನನ್ನ ಅಭಿಪ್ರಾಯ ಕೇಳುವುದಾದರೆ, ಇಂಥ ಸಾಲುಗಳಲ್ಲಿ ಹೆಚ್ಚಿನವನ್ನು ಅಳಿಸಿದರೆ ಯಾರಿಗೂ ನಷ್ಟವಿಲ್ಲ.

ಕಳಿಸುವ ಬದಿಯಲ್ಲಿ ಇನ್ನೊಂದು ಸೊಗಸಿದೆ. ಹೊರಟು ಇನ್ನೂ ಕಾರ್ಡಿನಿಂದ ಬಿಡುಗಡೆಯಾಗದ ಪ್ಯಾಕೆಟ್‌ಗಳ ತೂಕವನ್ನೆಲ್ಲ ಕೂಡಿಡುವ ಎಣಿಕೆಯೊಂದು ಸಾಕೆಟ್ಟಿನಲ್ಲಿದೆ. ಏನೂ ಕಳಿಸದಿದ್ದಾಗ ಅದು ಸೊನ್ನೆ ಇರಬೇಕಲ್ಲವೆ? ಇಲ್ಲ, ಒಂದು ಇರುತ್ತದೆ! ಆ ಒಂದು ಯಾವ ಪ್ಯಾಕೆಟ್ಟಿನ ಪಾಲೂ ಅಲ್ಲ, ಸಾಕೆಟ್ಟಿನ ಸ್ವಂತ ಪ್ರಾಣ. ಪ್ರೋಗ್ರಾಂ ಸಾಕೆಟ್ ಮುಚ್ಚಿ ಎದ್ದು ಹೋದಾಗ ಆ ಒಂದನ್ನು ಕಳೆಯುತ್ತಾರೆ. ದಾರಿಯಲ್ಲಿ ಪ್ಯಾಕೆಟ್‌ಗಳಿದ್ದರೆ ಎಣಿಕೆ ಸೊನ್ನೆಗೆ ಬರುವುದಿಲ್ಲ, ಸಾಕೆಟ್ ಸಾಯುವುದಿಲ್ಲ. ಕೊನೆಯ ಪ್ಯಾಕೆಟ್ ಕಾರ್ಡಿನಿಂದ ಬಿಡುಗಡೆಯಾಗಿ ತನ್ನ ತೂಕ ಹಿಂದಿರುಗಿಸಿದಾಗ ಸೊನ್ನೆ ಮುಟ್ಟುತ್ತದೆ, ಸಾಕೆಟ್ಟಿನ ಮೆಮೊರಿಯನ್ನು ಬಿಟ್ಟುಕೊಡುವ ಹೊಣೆಯೂ ಅದರದ್ದೇ. ಮೆಮೊರಿಯ ಲೆಕ್ಕವೂ ಆಯುಷ್ಯದ ಲೆಕ್ಕವೂ ಒಂದೇ ಎಣಿಕೆಯಲ್ಲಿ!

ಇದೇ ಎಣಿಕೆಯಿಂದ 2012ರಲ್ಲಿ ಡುಮಾಜೆ ಮತ್ತೊಂದು ಕೆಲಸ ಮಾಡಿಸಿಕೊಂಡರು. ಅದಕ್ಕೆ ಒಂದೆರಡು ವರ್ಷ ಮೊದಲು ಜಿಮ್ ಗೆಟ್ಟಿಸ್, ದಾರಿಯುದ್ದಕ್ಕೂ ಅಗತ್ಯಕ್ಕಿಂತ ದೊಡ್ಡ ಬಫರುಗಳು ತುಂಬಿ ಇಂಟರ್ನೆಟ್ ತಡವರಿಸುತ್ತಿದೆ ಎಂದು ಗಂಟೆ ಬಾರಿಸಿದ್ದರು. ಬಫರ್‌ಬ್ಲೋಟ್ ಎಂಬ ಮಾತು ಚಾಲ್ತಿಗೆ ಬಂದಿತ್ತು. ನಮ್ಮದೇ ಯಂತ್ರದೊಳಗೂ ಒಂದು ದೊಡ್ಡ ಅಪ್‌ಲೋಡ್ ಕಾರ್ಡಿನ ಮುಂದಿನ ಸಾಲನ್ನೆಲ್ಲ ತುಂಬಿಬಿಟ್ಟು ಬೇರೆಯವರ ಪ್ಯಾಕೆಟ್‌ಗಳನ್ನು ಕಾಯಿಸುತ್ತಿತ್ತು. ಡುಮಾಜೆ ಹೇಳಿದ್ದು: ಒಂದು ಸಾಕೆಟ್ ಕೆಳಗಿನ ಸಾಲುಗಳಲ್ಲಿ ಏಕಕಾಲಕ್ಕೆ 128 ಕಿಲೋಬೈಟ್ ಆಸುಪಾಸು ಇಟ್ಟಿದ್ದರೆ ಸಾಕು, ಒಂದು ಹೊರಟ ಮೇಲೆ ಇನ್ನೊಂದನ್ನು ಇಳಿಸಲಿ. ಬಫರ್ ಕಿರಿದು ಮಾಡಲಿಲ್ಲ, ಮಾಹಿತಿ ಮೇಲೆ ಸಾಕೆಟ್ಟಿನಲ್ಲೇ ಕಾಯುತ್ತದೆ ಅಷ್ಟೇ.

ಪ್ರತಿ ಸಾಕೆಟ್ಟಿನ ಲೆಕ್ಕದ ಮೇಲೆ ಇಡೀ ಟಿಸಿಪಿಗೆ ಒಂದು ಒಟ್ಟು ಲೆಕ್ಕವೂ ಇದೆ. ಯಂತ್ರ ಶುರುವಾಗುವಾಗ ಲಭ್ಯ ಮೆಮೊರಿ ನೋಡಿ ಮೂರು ಗೆರೆ ಎಳೆಯುತ್ತಾರೆ: ಶೇ 4.68, ಶೇ 6.25, ಶೇ 9.37. ನಡುವಿನ ಗೆರೆ ದಾಟಿದರೆ ಬಿಗಿ ಹಿಡಿತ ಶುರು, ಬಫರ್ ಹಿಗ್ಗುವುದಿಲ್ಲ. 16 ಗಿಗಾಬೈಟಿನ ಯಂತ್ರದಲ್ಲಿ ಅದು ಒಂದು ಗಿಗಾಬೈಟ್ ಹತ್ತಿರ.

ಇಷ್ಟು ಮುತುವರ್ಜಿಯಿಂದ ಕಟ್ಟಿದ ಲೆಕ್ಕ ಒಂದು ಕಡೆ ಕುಸಿದದ್ದು ಹೇಗೆ ಎಂಬುದಂತೂ ಪತ್ತೇದಾರಿ ಕಥೆಯೇ. 2019ರ ಜೂನ್ 17ರಂದು ನೆಟ್‌ಫ್ಲಿಕ್ಸ್ ಒಂದು ಎಚ್ಚರಿಕೆ ಹೊರಡಿಸಿತು. ಅಲ್ಲಿನ ಜೊನಾಥನ್ ಲೂನಿ ಕಂಡುಹಿಡಿದದ್ದು: ದೂರದಲ್ಲಿ ಕೂತು ಕೆಲವೇ ಬಗೆಯ ಪ್ಯಾಕೆಟ್ ಕಳಿಸಿ ಲಿನಕ್ಸ್ ಯಂತ್ರವನ್ನು ನೆಲಕ್ಕೆ ಕೆಡವಬಹುದು. ಹತ್ತು ವರ್ಷ ಹಿಂದಿನ 2.6.29ರಿಂದ ಈಚಿನ ಕರ್ನಲ್ಲುಗಳಿಗೆಲ್ಲ ಈ ಅಪಾಯವಿತ್ತು!

ಲೆಕ್ಕ ಹೀಗಿದೆ. ಆ ಹೊತ್ತಿನ ಲಿನಕ್ಸಿನಲ್ಲಿ ಕಳಿಸಬೇಕಾದ ಒಂದು ಎಸ್‌ಕೆ-ಬಫ್‌ಗೆ 17 ತುಂಡುಗಳವರೆಗೆ ಅಂಟಿಸಬಹುದಿತ್ತು, ಒಂದೊಂದು ತುಂಡು 32 ಕಿಲೋಬೈಟ್ ತನಕ. ಒಟ್ಟು 5,57,056 ಬೈಟ್. ಇದು ಎಷ್ಟು ಸೆಗ್ಮೆಂಟುಗಳಾಗಿ, ಅಂದರೆ ಬಿಡಿ ಟಿಸಿಪಿ ಪ್ಯಾಕೆಟ್‌ಗಳಾಗಿ, ಹೊರಡಬೇಕು ಎಂಬ ಸಂಖ್ಯೆಯನ್ನು 16 ಬಿಟ್ಟಿನಲ್ಲಿ ಬರೆದಿಡುತ್ತಿದ್ದರು. ಸಾಮಾನ್ಯ ಸೆಗ್ಮೆಂಟಿನಲ್ಲಿ ಸಾವಿರದ ನಾನೂರು ಚಿಲ್ಲರೆ ಬೈಟ್ ಇರುವುದರಿಂದ ನಾನೂರು ದಾಟುವುದಿಲ್ಲ, ಚಿಂತೆಯಿಲ್ಲ. ದಾಳಿಕೋರ ಮಾತ್ರ "ನನಗೆ 48 ಬೈಟಿಗಿಂತ ದೊಡ್ಡ ಸೆಗ್ಮೆಂಟ್ ಬೇಡ" ಎನ್ನುತ್ತಾನೆ. ಲಿನಕ್ಸ್ ಒಪ್ಪುತ್ತಿದ್ದ ಕನಿಷ್ಠ ಅದು. ಅದರಲ್ಲಿ 40 ಬೈಟ್ ಟಿಸಿಪಿ ಆಯ್ಕೆಗಳಿಗೆ ಹೋದರೆ ಮಾಹಿತಿಗೆ ಉಳಿಯುವುದು 8. ಈಗ ಭಾಗಿಸಿ: 5,57,056 ಭಾಗಿಸು 8. ಉತ್ತರ 69,632. 16 ಬಿಟ್ ಹಿಡಿಯುವುದು 65,535!

ಅಷ್ಟು ತುಂಬಿದ ಎಸ್‌ಕೆ-ಬಫ್ ಸೃಷ್ಟಿಯಾಗುವುದು ಹೇಗೆ? ಯಾವ ತುಂಡು ತಲುಪಿತು, ಯಾವುದು ಇಲ್ಲ ಎಂದು ಪಡೆಯುವವನು ಬಿಡಿಬಿಡಿಯಾಗಿ ಹೇಳುವ ಸ್ಯಾಕ್ ಎಂಬ ಸೌಲಭ್ಯ ಟಿಸಿಪಿಯಲ್ಲಿದೆ. ತಲುಪಿದವನ್ನು ಕರ್ನಲ್ ಮೆಮೊರಿ ಉಳಿಸಲೆಂದು ಒಂದಕ್ಕೊಂದು ಬೆಸೆಯುತ್ತದೆ. ದಾಳಿಕೋರ ಜಾಣತನದಿಂದ ಸ್ಯಾಕ್ ಕಳಿಸಿದರೆ ಬೆಸೆದು ಬೆಸೆದು 17 ತುಂಡೂ ತುಂಬುತ್ತವೆ, ಎಣಿಕೆ ಉಕ್ಕಿ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ, ಲೆಕ್ಕ ತಾಳೆಯಾಗದ್ದನ್ನು ಕಂಡ ಕರ್ನಲ್ ಅಲ್ಲೇ ನಿಂತುಬಿಡುತ್ತದೆ. ಸ್ಯಾಕ್ ಪ್ಯಾನಿಕ್ ಎಂದು ಇದಕ್ಕೆ ಹೆಸರಾಯಿತು.

ಜೊತೆಗೆ ಬಂದ ಎರಡನೇ ದೋಷ ನನಗೆ ಇನ್ನೂ ಕುತೂಹಲದ್ದು. ಬೆಸೆಯುವ ಬದಲು ಒಡೆಯುವುದು! ಸ್ಯಾಕ್ ಬಂದಂತೆಲ್ಲ ಮತ್ತೆ ಕಳಿಸಬೇಕಾಗಬಹುದಾದವುಗಳ ಸಾಲಿನಲ್ಲಿರುವ ಒಂದು ಎಸ್‌ಕೆ-ಬಫ್ ಎರಡಾಗಿ ಒಡೆಯುತ್ತದೆ. ಮಾಹಿತಿ ಅಷ್ಟೇ ಇರುತ್ತದೆ, ಕಾಗದಪತ್ರ ಮಾತ್ರ ಇಮ್ಮಡಿ. ಚೂರು ಮಾಡಿಸುತ್ತ ಹೋದರೆ ಕಳಿಸುವ ಬಫರ್ ತನ್ನ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ತಿದ್ದುಪಡಿ ಸರಳವಿತ್ತು: ಮಿತಿಯ ಎರಡು ಪಟ್ಟು ದಾಟಿದರೆ ಒಡೆಯಲು ಬಿಡಬೇಡ.

ಆದರೆ ಪ್ರೋಗ್ರಾಮುಗಳ ಲೋಕ ಅಷ್ಟು ಸರಳವಲ್ಲವಲ್ಲ. ಬೇಕೆಂದೇ ಪುಟ್ಟ ಕಳಿಸುವ ಬಫರ್ ಇಟ್ಟುಕೊಂಡ ಪ್ರೋಗ್ರಾಮುಗಳಿದ್ದವು. ಕರ್ನಲ್ ಒಮ್ಮೆಗೆ ಒಂದು ಪೂರ್ಣ ಎಸ್‌ಕೆ-ಬಫ್‌ನಷ್ಟು ಮಿತಿ ಮೀರಿ ತುಂಬಿಕೊಳ್ಳುವುದರಿಂದ ಯಾವ ದಾಳಿಯೂ ಇಲ್ಲದೆ ಅವು ಎರಡು ಪಟ್ಟಿನ ಗೆರೆ ದಾಟುತ್ತಿದ್ದವು. ದಾಟಿದವು ಪ್ಯಾಕೆಟ್ ಒಡೆಯಲಾರದೆ, ಒಡೆಯದೆ ಮತ್ತೆ ಕಳಿಸಲಾರದೆ ನಿಂತಲ್ಲೇ ನಿಂತವು. ಜುಲೈ ಹೊತ್ತಿಗೆ ಡುಮಾಜೆ ಮತ್ತೆ ಕೂತು ಆ ಗೆರೆಯನ್ನು ಸಡಿಲಿಸಿದರು: ಬಫರಿನ ಮಿತಿಯ ಮೇಲೆ, 64 ಕಿಲೋಬೈಟ್ ತುಂಬಿದ ಎರಡು ದೊಡ್ಡ ಎಸ್‌ಕೆ-ಬಫ್‌ಗಳ ಒಟ್ಟು ತೂಕದಷ್ಟು ರಿಯಾಯಿತಿ. ಅದರ ಜೊತೆ ಇನ್ನೊಂದು ಸೂಕ್ಷ್ಮ. ಮತ್ತೆ ಕಳಿಸುವ ಸಾಲಿನ ತಲೆಯಲ್ಲಿರುವುದಕ್ಕೂ ಬಾಲದಲ್ಲಿರುವುದಕ್ಕೂ ಈ ನಿರ್ಬಂಧವೇ ಇಲ್ಲ, ಮಿತಿ ಎಷ್ಟೇ ಮೀರಿರಲಿ. ತಲೆಯಲ್ಲಿರುವುದು ಎಲ್ಲಕ್ಕಿಂತ ಹಳೆಯದು. ಅದನ್ನು ಒಡೆದು ಕಳಿಸಲಾಗದಿದ್ದರೆ ಹಿಂದಿನವು ತಲುಪಿದ್ದರೂ ಆ ಕಡೆಯ ಪ್ರೋಗ್ರಾಮಿಗೆ ಒಂದು ಬೈಟೂ ದಕ್ಕುವುದಿಲ್ಲ.